ಪ್ಲೇಟ್‌ಲೆಟ್‌ಗಳನ್ನು ಫ್ರೀಜರ್‌ನಲ್ಲಿ ಇಟ್ಟುಕೊಳ್ಳಲು ಏಕೆ ಆಗುವುದಿಲ್ಲ?

ತುಂಗೆಯ ದಡ, ತೀರ್ಥಹಳ್ಳಿ
ಕಳೆದ ಜುಲೈನಲ್ಲಿ ನಮ್ಮ ಚಿಕ್ಕಪ್ಪನಿಗೆ ಡೆಂಗಿ ಬಂದಿತ್ತು. ಐದನೆಯ ದಿನ ಜ್ವರ ಬಿಟ್ಟಿತು. ಇನ್ನು ಗಂಜಿ ಕುಡಿದು ಎದ್ದು ಕೂರುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಒಸಡಿನಿಂದ ರಕ್ತ ಬರಲು ಶುರುವಾಯಿತು. ಊರಿನ ವೈದ್ಯರು ಪರೀಕ್ಷೆ ಮಾಡಿಸಿ, ‘ಬಿಳಿ ರಕ್ತಕಣ 14 ಸಾವಿರಕ್ಕೆ ಇಳಿದಿದೆ, ಇಲ್ಲಿ ಇಟ್ಟುಕೊಳ್ಳಬೇಡಿ’ ಎಂದರು. ಮಂಡಗದ್ದೆ ದಾಟುವಾಗ ಸುರಿಯುತ್ತಿದ್ದ ಮಳೆಗೆ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. 60 ಕಿಲೋಮೀಟರ್ ದಾರಿಗೆ ಎರಡು ಗಂಟೆಯ ಮೇಲೆ ಹಿಡಿಯಿತು.

ಶಿವಮೊಗ್ಗದಲ್ಲಿ ನಾವು ಹೋದ ರಕ್ತ ಕೇಂದ್ರದಲ್ಲಿ ಪ್ಲೇಟ್‌ಲೆಟ್ ಒಂದು ಚೀಲವೂ ಇರಲಿಲ್ಲ. ನಾಲ್ಕು ಚೀಲ ಇದ್ದವಂತೆ, ಹಿಂದಿನ ದಿನ ಐದು ದಿನದ ಅವಧಿ ಮುಗಿಯಿತೆಂದು ನಾಶಕ್ಕೆ ಕಳುಹಿಸಿದ್ದರಂತೆ. ಅದೇ ಕೋಣೆಯಲ್ಲಿ ಒಂದು ದೊಡ್ಡ ಫ್ರೀಜರ್ ಇತ್ತು, ಅದರ ತುಂಬ ಪ್ಲಾಸ್ಮಾ, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ನೀರಿನಂಥ ಭಾಗ. ‘ಇದು ಒಂದು ವರ್ಷ ಕೆಡುವುದಿಲ್ಲ’ ಎಂದರು. ಕೊನೆಗೆ ಭಾವನ ಗೆಳೆಯರೊಬ್ಬರು ಪ್ಲೇಟ್‌ಲೆಟ್ ತೆಗೆಯುವ ಯಂತ್ರಕ್ಕೆ ಕೈ ಒಡ್ಡಿ ಮಲಗಿದರು, ರಾತ್ರಿ ಹತ್ತೂವರೆಗೆ ಚೀಲ ಸಿಕ್ಕಿತು. ಚಿಕ್ಕಪ್ಪ ಈಗ ಆರೋಗ್ಯವಾಗಿದ್ದಾರೆ. ಆದರೆ ಆ ಐದು ಗಂಟೆಗಳನ್ನು ನಾನು ಇನ್ನೂ ಮರೆತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಂದೇ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಒಂದು ವರ್ಷ ಇಡಬಹುದಾದರೆ, ಪ್ಲೇಟ್‌ಲೆಟ್‌ಗಳನ್ನು ಏಕೆ ಹಾಗೆ ಇಡುವುದಿಲ್ಲ? ತಿಳಿದವರು ದಯವಿಟ್ಟು ಹೇಳಿ.

ಕೊಡಚಾದ್ರಿ ಕಣಿವೆ
ನಮ್ಮ ಮನೆಯಲ್ಲೂ ಇದೇ ಆಗಿತ್ತು. ಹೊಸನಗರದಿಂದ ಶಿವಮೊಗ್ಗ, ಅಲ್ಲಿಂದ ಮಣಿಪಾಲ. ಐದು ದಿನಕ್ಕೆ ಎಸೆಯುವ ವಸ್ತುವನ್ನು ದಾನಿಗಳಿಂದ ಏಕೆ ತೆಗೆದುಕೊಳ್ಳಬೇಕು ಎಂದು ಅಂದು ನನಗೂ ಸಿಟ್ಟು ಬಂದಿತ್ತು.

ರಕ್ತ ಕೇಂದ್ರದ ಅಕ್ಕ
ನಾನು ಹನ್ನೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಉತ್ತರ ಹೇಳುವ ಮೊದಲು ಎರಡು ಮಾತುಗಳನ್ನು ತಿದ್ದುತ್ತೇನೆ, ಬೇಸರಿಸಬೇಡಿ.

ಪ್ಲೇಟ್‌ಲೆಟ್ ಎಂದರೆ ಬಿಳಿ ರಕ್ತಕಣ ಅಲ್ಲ. ನಿಮ್ಮ ಚಿಕ್ಕಪ್ಪನಿಗೆ 14 ಸಾವಿರಕ್ಕೆ ಇಳಿದದ್ದು ಪ್ಲೇಟ್‌ಲೆಟ್. ಬಿಳಿ ರಕ್ತಕಣ ಸೋಂಕಿನ ವಿರುದ್ಧ ಹೋರಾಡುವ ಜೀವಕೋಶ. ಪ್ಲೇಟ್‌ಲೆಟ್ ಅದಕ್ಕಿಂತ ಬಹಳ ಚಿಕ್ಕದು, ಎರಡು ಮೂರು ಮೈಕ್ರಾನ್ ಅಗಲದ ಬಿಲ್ಲೆ. ಗಾಯವಾದಲ್ಲಿ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವುದು ಅದರ ಕೆಲಸ. ಡೆಂಗಿಯಲ್ಲಿ ಎರಡೂ ಕಡಿಮೆಯಾಗುವುದರಿಂದ ಜನರ ಬಾಯಲ್ಲಿ ಒಂದೇ ಹೆಸರಾಗಿಬಿಟ್ಟಿದೆ. ರಾತ್ರಿ ಫೋನ್ ಮಾಡಿ ‘ಬಿಳಿ ರಕ್ತ ಇದೆಯೇ’ ಎಂದು ಕೇಳುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ.

ಎರಡನೆಯದು, ‘ಹೆಪ್ಪುಗಟ್ಟಿಸಿ’ ಎಂಬ ಪದ. ನಮ್ಮಲ್ಲಿ ರಕ್ತ ಹೆಪ್ಪುಗಟ್ಟಿತು ಎಂದರೆ ಚೀಲ ಹಾಳಾಯಿತು ಎಂದರ್ಥ. ನೀವು ಕೇಳುತ್ತಿರುವುದು ಮಂಜುಗಟ್ಟಿಸುವ ವಿಚಾರ.

ಈಗ ಉತ್ತರ. ಕೆಂಪು ರಕ್ತಕಣವನ್ನು ನಾವು 2ರಿಂದ 6 ಡಿಗ್ರಿಯಲ್ಲಿ ಇಡುತ್ತೇವೆ, ಚೀಲದಲ್ಲಿರುವ ದ್ರಾವಣದ ಮೇಲೆ 35 ಅಥವಾ 42 ದಿನ ಬಾಳುತ್ತದೆ. ಪ್ಲಾಸ್ಮಾವನ್ನು ಮೈನಸ್ 30ಕ್ಕಿಂತ ಕೆಳಗೆ ಇಡುತ್ತೇವೆ. ಪ್ಲೇಟ್‌ಲೆಟ್ ಮಾತ್ರ 20ರಿಂದ 24 ಡಿಗ್ರಿಯಲ್ಲಿ, ಅದೂ ಹಗಲು ರಾತ್ರಿ ತೂಗುತ್ತಲೇ ಇರುವ ಯಂತ್ರದ ಮೇಲೆ ಇರಬೇಕು. ಆ ಚೀಲದ ಪ್ಲಾಸ್ಟಿಕ್ಕೇ ಬೇರೆ, ಗಾಳಿ ಒಳಗೆ ಹೊರಗೆ ಆಡುತ್ತದೆ. ತೂಗುವುದು ನಿಂತರೆ ಒಳಗೆ ಆಮ್ಲ ಹೆಚ್ಚಾಗಿ ಪ್ಲೇಟ್‌ಲೆಟ್‌ಗಳು ಸಾಯುತ್ತವೆ. ಕೋಣೆಯ ಉಷ್ಣಾಂಶದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಭಯ ಇರುವುದರಿಂದ ಅವಧಿ ಐದೇ ದಿನ. ಅದರಲ್ಲಿ ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳಿಗೆ ಒಂದು ದಿನ ಹೋಗುತ್ತದೆ. ನಮ್ಮ ಕೈಗೆ ಉಳಿಯುವುದು ನಾಲ್ಕು ದಿನ.

ಚೀಲವನ್ನು ನಾಶದ ಡಬ್ಬಿಗೆ ಹಾಕುವಾಗ ನಮಗೂ ಹೊಟ್ಟೆ ಉರಿಯುತ್ತದೆ. ಅದರ ಮೇಲಿನ ಸಂಖ್ಯೆ ನೋಡಿದರೆ ಕೊಟ್ಟವರ ಮುಖ ನೆನಪಾಗುತ್ತದೆ.

ಸಾಗರದ ಸಂಪಿಗೆ
ಅಕ್ಕ, ಮಂಜುಗಟ್ಟಿಸುವುದು ಹಾಗಿರಲಿ. ಹಾಲು, ತರಕಾರಿ ಇಡುವ ಹಾಗೆ ಮಾಮೂಲಿ ಫ್ರಿಜ್‌ನಲ್ಲಿ ಇಟ್ಟರೆ ಏನಾಗುತ್ತದೆ?

ರಕ್ತ ಕೇಂದ್ರದ ಅಕ್ಕ
ತಣ್ಣಗಾದರೆ ಬಿಲ್ಲೆ ಆಕಾರ ಹೋಗಿ ಮುಳ್ಳು ಮುಳ್ಳಾದ ಉಂಡೆಯಂತಾಗುತ್ತದೆ. ಹೊರಮೈಯ ಅಣುಗಳ ಜೋಡಣೆಯೂ ಬದಲಾಗುತ್ತದೆ. ರೋಗಿಯ ದೇಹಕ್ಕೆ ಹೋದಾಗ ಯಕೃತ್ತಿನ ಕೋಶಗಳು ಇದು ಹಳೆಯದೆಂದು ಗುರುತಿಸಿ ನುಂಗಿಬಿಡುತ್ತವೆ. ಮೊದಲು ಎಲ್ಲ ಕಡೆಯೂ ಫ್ರಿಜ್‌ನಲ್ಲೇ ಇಡುತ್ತಿದ್ದರು. ಕೋಣೆಯ ಉಷ್ಣಾಂಶದಲ್ಲಿ ಇಟ್ಟದ್ದು ದೇಹದಲ್ಲಿ ಹೆಚ್ಚು ದಿನ ಉಳಿಯುತ್ತದೆ ಎಂದು 1969ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತೋರಿಸಿದ ಮೇಲೆ ಪದ್ಧತಿ ಬದಲಾಯಿತು.

ಗೋಮಾಳ, ಪಶುವೈದ್ಯ
ನಾನು ಇದನ್ನು ಒಪ್ಪುವುದಿಲ್ಲ, ಅಂದರೆ ಮಂಜುಗಟ್ಟಿಸಲು ಆಗುವುದೇ ಇಲ್ಲ ಎಂಬ ಮಾತನ್ನು. ಸೊರಬದ ಹಳ್ಳಿಗಳಲ್ಲಿ ನಾನು ಇಪ್ಪತ್ತು ವರ್ಷ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದೇನೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಜಾಡಿಯಲ್ಲಿ ವೀರ್ಯದ ಕಡ್ಡಿ ಇರುತ್ತದೆ. ಹತ್ತು ವರ್ಷ ಹಳೆಯ ಕಡ್ಡಿಯನ್ನೂ 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದರೆ ವೀರ್ಯಾಣು ಈಜುತ್ತದೆ, ಕರು ಹುಟ್ಟುತ್ತದೆ. ಗ್ಲಿಸರಿನ್ ಬೆರೆಸಿದರೆ ಮಂಜಿನಲ್ಲಿ ಜೀವಕೋಶ ಬದುಕುತ್ತದೆ ಎಂದು ಇಂಗ್ಲೆಂಡಿನಲ್ಲಿ 1949ರಲ್ಲೇ ಕಂಡುಕೊಂಡಿದ್ದರು. ಹಸುವಿಗೆ ಸಾಧ್ಯವಾದದ್ದು ಮನುಷ್ಯರಿಗೆ ಆಗುವುದಿಲ್ಲವೇ?

ಕೊಡಚಾದ್ರಿ ಕಣಿವೆ
ಸರಿಯಾಗಿ ಕೇಳಿದಿರಿ ಡಾಕ್ಟರರೇ. ಇದಕ್ಕೆ ಉತ್ತರ ಬೇಕು.

ರಕ್ತ ಕೇಂದ್ರದ ಅಕ್ಕ
ಆಗುವುದೇ ಇಲ್ಲ ಎಂದು ನಾನು ಎಲ್ಲಿ ಹೇಳಿದೆ? ನಮ್ಮಲ್ಲಿ ಹೇಗೆ ಇಡುತ್ತೇವೆ ಎಂದಷ್ಟೇ ಹೇಳಿದೆ. ಮಾಡುವವರು ಇದ್ದಾರೆ.

ಪ್ಲೇಟ್‌ಲೆಟ್‌ಗೆ ಗ್ಲಿಸರಿನ್ ಬದಲು ಡಿಎಂಎಸ್‌ಒ ಎಂಬ ದ್ರವವನ್ನು ಶೇಕಡ 5 ಅಥವಾ 6ರಷ್ಟು ಬೆರೆಸಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಎರಡು ವರ್ಷ ಇಡಬಹುದು. ನೆದರ್‌ಲ್ಯಾಂಡ್ಸ್ ದೇಶದ ಸೈನ್ಯ ಹೀಗೆ ಮಂಜುಗಟ್ಟಿಸಿದ ಪ್ಲೇಟ್‌ಲೆಟ್‌ಗಳನ್ನು ಅಫ್ಘಾನಿಸ್ತಾನದ ತನ್ನ ಆಸ್ಪತ್ರೆಗೆ ಒಯ್ದು ಗಾಯಾಳುಗಳಿಗೆ ಕೊಟ್ಟಿದೆ. ಅದಕ್ಕೂ ಹಿಂದೆ, 1970ರ ದಶಕದಲ್ಲೇ, ಅಮೆರಿಕದಲ್ಲಿ ರಕ್ತದ ಕ್ಯಾನ್ಸರ್ ರೋಗಿಗಳು ಚೇತರಿಸಿಕೊಂಡಿದ್ದಾಗ ಅವರದ್ದೇ ಪ್ಲೇಟ್‌ಲೆಟ್ ತೆಗೆದು ಮಂಜುಗಟ್ಟಿಸಿಟ್ಟು, ಮುಂದಿನ ಚಿಕಿತ್ಸೆಯಲ್ಲಿ ಎಣಿಕೆ ಕುಸಿದಾಗ ಅವರಿಗೇ ವಾಪಸ್ ಕೊಟ್ಟಿದ್ದರು.

ಕರಗಿಸುವುದು ನಿಮ್ಮ ಕಡ್ಡಿಯ ಹಾಗೆಯೇ, 37 ಡಿಗ್ರಿಯ ನೀರಿನಲ್ಲಿ. ಚೀಲ ದೊಡ್ಡದಾದ್ದರಿಂದ ಕೆಲವು ನಿಮಿಷ ಬೇಕು. ಆಮೇಲೆ ಕರಗಿಸಿದ ಪ್ಲಾಸ್ಮಾದಲ್ಲಿ ಬೆರೆಸಿ ಕೆಲವೇ ಗಂಟೆಗಳಲ್ಲಿ ಕೊಟ್ಟು ಮುಗಿಸಬೇಕು. ಮತ್ತೆ ಫ್ರೀಜರ್‌ಗೆ ಹಾಕುವಂತಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಒಂದು ಗುರಿ ಮುಟ್ಟಿದರೆ ನಿಮ್ಮ ಕೆಲಸ ಆಯಿತು. ನಮಗೆ ಹೆಚ್ಚುಕಡಿಮೆ ಎಲ್ಲವೂ ಬದುಕಬೇಕು. ಕರಗಿಸುವಾಗ ಒಂದು ಪಾಲು ನಾಶವಾಗುತ್ತದೆ. ಉಳಿದವು ಬೇಗನೆ ಅಂಟಿಕೊಳ್ಳುವ ಗುಣ ಪಡೆದಿರುತ್ತವೆ, ಆದರೆ ದೇಹದಲ್ಲಿ ಹೆಚ್ಚು ಹೊತ್ತು ಸುತ್ತಾಡುವುದಿಲ್ಲ. ಆದ್ದರಿಂದ ರಕ್ತ ಸುರಿಯುತ್ತಿರುವ ಗಾಯಾಳುವಿಗೆ ಒಳ್ಳೆಯದು. ಎಣಿಕೆ ಏರಿಸಿ ನಾಲ್ಕು ದಿನ ಕಾಪಾಡಬೇಕಾದ ಕ್ಯಾನ್ಸರ್ ರೋಗಿಗೆ ತಾಜಾ ಪ್ಲೇಟ್‌ಲೆಟ್ಟೇ ಬೇಕು.

ಭದ್ರಾವತಿ ರಸಾಯನ
ನಾನು ಕಾಲೇಜಿನಲ್ಲಿ ರಸಾಯನ ವಿಜ್ಞಾನ ಪಾಠ ಮಾಡುವವನು. ಆ ಡಿಎಂಎಸ್‌ಒ ಬಗ್ಗೆ ಒಂದು ಮಾತು. ಕಾಗದಕ್ಕಾಗಿ ಮರದ ತಿರುಳು ಬೇಯಿಸುವಾಗ ಸಿಗುವ ಉಪೋತ್ಪನ್ನದಿಂದ ಅದನ್ನು ತಯಾರಿಸುತ್ತಾರೆ. ಶುದ್ಧವಾಗಿದ್ದರೆ 18 ಡಿಗ್ರಿಯ ಹತ್ತಿರವೇ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ನಮ್ಮ ಪ್ರಯೋಗಾಲಯದ ಸೀಸೆ ಕಲ್ಲಾಗಿರುತ್ತದೆ, ಅಂಗೈಯಲ್ಲಿ ಹಿಡಿದು ಕರಗಿಸಬೇಕು. ಅದೇ ದ್ರವ ನೀರಿಗೆ ಸೇರಿದಾಗ ನೀರನ್ನು ಸುಲಭವಾಗಿ ಗಟ್ಟಿಯಾಗಲು ಬಿಡುವುದಿಲ್ಲ.

ಬಾಳೆಹಣ್ಣನ್ನು ಫ್ರೀಜರ್‌ನಲ್ಲಿಟ್ಟು ಹೊರಗೆ ತೆಗೆದರೆ ನೀರು ಬಿಟ್ಟುಕೊಂಡು ಮೆತ್ತಗಾಗುತ್ತದಲ್ಲ, ಮಂಜಿನ ಹರಳುಗಳು ಒಳಗಿನ ಕೋಶದ ಗೋಡೆಗಳನ್ನು ಹರಿದಿರುವುದೇ ಅದಕ್ಕೆ ಕಾರಣ. ಪ್ಲಾಸ್ಮಾದಲ್ಲಿ ಹರಿಯಲು ಕೋಶವೇ ಇಲ್ಲ, ಅದು ಪ್ರೋಟೀನ್ ಕರಗಿದ ನೀರು. ಮೂಲ ಪ್ರಶ್ನೆಗೆ ಇದೇ ಉತ್ತರ ಎಂದು ನನಗನ್ನಿಸುತ್ತದೆ.

ತುಂಗೆಯ ದಡ, ತೀರ್ಥಹಳ್ಳಿ
ಮಾಸ್ತರರೇ, ಬಾಳೆಹಣ್ಣಿನ ಮಾತಿನಿಂದ ನನಗೆ ಪೂರ್ತಿ ಅರ್ಥವಾಯಿತು. ಆ ದ್ರವ ರೋಗಿಯ ದೇಹಕ್ಕೆ ಹೋದರೆ ತೊಂದರೆ ಇಲ್ಲವೇ?

ಭದ್ರಾವತಿ ರಸಾಯನ
ಉಸಿರು ಬೆಳ್ಳುಳ್ಳಿ ವಾಸನೆ ಬರುತ್ತದೆ. ಹೆಚ್ಚಾದರೆ ವಾಕರಿಕೆ. ಉಳಿದದ್ದನ್ನು ಅಕ್ಕ ಹೇಳಲಿ.

ರಕ್ತ ಕೇಂದ್ರದ ಅಕ್ಕ
ಈಗಿನ ವಿಧಾನದಲ್ಲಿ ಮಂಜುಗಟ್ಟಿಸುವ ಮೊದಲೇ ಯಂತ್ರದಲ್ಲಿ ತಿರುಗಿಸಿ, ಡಿಎಂಎಸ್‌ಒ ಬೆರೆತ ಮೇಲಿನ ದ್ರವವನ್ನು ಬಹುಪಾಲು ತೆಗೆದುಬಿಡುತ್ತಾರೆ. ಉಳಿಯುವುದು ಸ್ವಲ್ಪ.

ಮಲೆಯ ಮಾತು
ಸೈನಿಕರಿಗೆ ಮರಳುಗಾಡಿನಲ್ಲಿ ಸಿಗುತ್ತದೆ, ಮಲೆನಾಡಿನ ರೈತನಿಗೆ ಜಿಲ್ಲಾ ಕೇಂದ್ರದಲ್ಲೂ ಸಿಗುವುದಿಲ್ಲ. ಇದು ವಿಜ್ಞಾನದ ಕೊರತೆಯಲ್ಲ, ಮನಸ್ಸಿನ ಕೊರತೆ. ಪ್ರತಿ ತಾಲ್ಲೂಕಿಗೂ ಒಂದು ಫ್ರೀಜರ್ ಕೊಟ್ಟರೆ ಮುಗಿಯಿತು.

ಆಗುಂಬೆ ಮಳೆ
ಮುಗಿಯುವುದಿಲ್ಲ. ಜುಲೈನಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಮೈನಸ್ 80ರ ಫ್ರೀಜರ್ ಬಾಗಿಲು ತೆರೆಯದಿದ್ದರೂ ಎಷ್ಟು ಹೊತ್ತು ತಾಳೀತು? ಡೆಂಗಿ ಹೆಚ್ಚುವುದೂ ಮಳೆಗಾಲದಲ್ಲಿ, ಕರೆಂಟ್ ಹೋಗುವುದೂ ಮಳೆಗಾಲದಲ್ಲಿ.

ಮಲೆಯ ಮಾತು
ಜನರೇಟರ್ ಎಂಬುದೊಂದು ಇದೆಯಲ್ಲ.

ಆಗುಂಬೆ ಮಳೆ
ಇದೆ. ಡೀಸೆಲ್ ತರುವ ರಸ್ತೆ ಕುಸಿಯದಿದ್ದರೆ. ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಲ್ಲಿಸುವುದನ್ನು ನೀವು ನೋಡಿರಬೇಕು.

ರಕ್ತ ಕೇಂದ್ರದ ಅಕ್ಕ
ಜಗಳ ಬೇಡ. ಫ್ರೀಜರ್ ಒಂದರಿಂದ ಆಗುವ ಕೆಲಸವಲ್ಲ. ಚೀಲ ಸಾಗಿಸಲು ಒಣ ಮಂಜುಗಡ್ಡೆ (ಡ್ರೈ ಐಸ್), ಕರಗಿಸಲು ಸರಿಯಾದ ಉಷ್ಣಾಂಶದ ನೀರಿನ ತೊಟ್ಟಿ, ಬೆರೆಸಲು ಪ್ಲಾಸ್ಮಾ, ಇಷ್ಟನ್ನೂ ನಡುರಾತ್ರಿ ಮಾಡಬಲ್ಲ ಒಬ್ಬ ತರಬೇತಿ ಪಡೆದವರು. ಮಾಡುವುದಾದರೆ ಜಿಲ್ಲಾ ಕೇಂದ್ರದಲ್ಲೇ ಮಾಡಬೇಕು, ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರಿಗೆ, ಅಪಘಾತದವರಿಗೆ ಮೀಸಲಾಗಿ. ಅದು ಬಂದರೆ ಮೊದಲು ಕುಣಿದಾಡುವವಳು ನಾನು.

ನಡುವೆ ಇನ್ನೊಂದು ದಾರಿಯೂ ಇದೆ. ರಕ್ತ ಸುರಿಯುತ್ತಿರುವವರಿಗೆ ಮಾಮೂಲಿ ಪ್ಲೇಟ್‌ಲೆಟ್ ಸಿಗದಿದ್ದಾಗ ಫ್ರಿಜ್‌ನಲ್ಲಿ 14 ದಿನದವರೆಗೆ ಇಟ್ಟದ್ದನ್ನು ಬಳಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಯಕೃತ್ತು ಬೇಗ ನುಂಗುತ್ತದೆ ಎಂದು ಬಿಟ್ಟಿದ್ದ ಹಳೆಯ ಪದ್ಧತಿಯೇ, ತಕ್ಷಣ ರಕ್ತ ನಿಲ್ಲಿಸಲು ಸಾಕು ಎಂದು ಮರಳಿ ಬಂದಿದೆ.

ನಿವೃತ್ತ ವೈದ್ಯ
ಇಷ್ಟು ಹೊತ್ತು ಓದುತ್ತಿದ್ದೆ. ನಾನು ಹೇಳುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್‌ಗಾಗಿ ಓಡುವ ಹತ್ತು ಕುಟುಂಬಗಳಲ್ಲಿ ಹೆಚ್ಚಿನವರು ಓಡಬೇಕಾಗಿಯೇ ಇರಲಿಲ್ಲ. ರಕ್ತಸ್ರಾವವಿಲ್ಲದ, ಎಣಿಕೆ 20 ಸಾವಿರಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದ 372 ವಯಸ್ಕರ ಮೇಲೆ ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಪಡೆದವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು.

ಡೆಂಗಿ ಕೊಲ್ಲುವುದು ಹೆಚ್ಚಾಗಿ ರಕ್ತನಾಳದಿಂದ ನೀರು ಸೋರಿ ರಕ್ತದೊತ್ತಡ ಬಿದ್ದಾಗ. ಜ್ವರ ಬಿಟ್ಟ ನಂತರದ ಒಂದೆರಡು ದಿನವೇ ಅಪಾಯದ ಹೊತ್ತು. ಮನೆಯವರು ಪ್ಲೇಟ್‌ಲೆಟ್ ಸಂಖ್ಯೆಯ ಚೀಟಿಯನ್ನೇ ನೋಡುತ್ತಾ ಕೂರುತ್ತಾರೆ, ರೋಗಿ ಎಷ್ಟು ಮೂತ್ರ ಮಾಡಿದ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ತುಂಗೆಯ ದಡ, ತೀರ್ಥಹಳ್ಳಿ
ಅಂದರೆ ನಾವು ಮಳೆಯಲ್ಲಿ ಸುಮ್ಮನೆ ಓಡಿದೆವು ಎನ್ನುತ್ತೀರಾ? ದಿಂಬಿನ ಮೇಲೆ ರಕ್ತ ಕಂಡಿದ್ದೇವೆ ಸಾರ್. ಆ ಹೊತ್ತಿನಲ್ಲಿ ಪತ್ರಿಕೆಯಲ್ಲಿ ಏನು ಬಂದಿದೆ ಎಂದು ಯಾರು ಯೋಚಿಸುತ್ತಾರೆ?

ನಿವೃತ್ತ ವೈದ್ಯ
ಇಲ್ಲ, ಕ್ಷಮಿಸಿ, ನಿಮ್ಮನ್ನು ಕುರಿತು ಹೇಳಲಿಲ್ಲ. ಎಣಿಕೆ ಅಷ್ಟು ಇಳಿದು ರಕ್ತಸ್ರಾವವೂ ಶುರುವಾಗಿತ್ತು. ನಿಮ್ಮ ಊರಿನ ವೈದ್ಯರು ಕಳುಹಿಸಿದ್ದು ಸರಿ, ನೀವು ಹೊರಟದ್ದೂ ಸರಿ. ನನ್ನ ಕಳವಳ ಬೇರೆ. 40 ಸಾವಿರ ಇದ್ದು ಆರಾಮವಾಗಿ ಕೂತವರಿಗೆ ಒತ್ತಾಯದಿಂದ ನಾಲ್ಕು ಚೀಲ ಹಾಕಿಸಿದರೆ, ನಿಮ್ಮ ಚಿಕ್ಕಪ್ಪ ಬರುವ ಹೊತ್ತಿಗೆ ಯಂತ್ರದ ಮೇಲೆ ಏನೂ ಇರುವುದಿಲ್ಲ.

ಸಾಗರದ ಸಂಪಿಗೆ
ಪಪ್ಪಾಯಿ ಎಲೆಯ ರಸ ಕುಡಿಸಿದರೆ ಏರುತ್ತದೆ ಎನ್ನುತ್ತಾರಲ್ಲ?

ನಿವೃತ್ತ ವೈದ್ಯ
ಜ್ವರ ಬಿಟ್ಟ ಮೂರು ನಾಲ್ಕು ದಿನಕ್ಕೆ ಎಣಿಕೆ ತಾನಾಗಿಯೇ ಏರುತ್ತದೆ, ಹೆಸರು ಎಲೆಗೆ ಬರುತ್ತದೆ. ವಾಂತಿಯಾಗುತ್ತಿರುವವರಿಗೆ ಆ ಕಹಿ ಕುಡಿಸಬೇಡಿ. ನೀರು, ಗಂಜಿ, ಎಳನೀರು ಕೊಡಿ.

ಅರಳಗೋಡು ಕಡೆಯವ
ಡೆಂಗಿಯ ಮಾತೇ ಆಡುತ್ತಿದ್ದೀರಿ. ನಮಗೆ ಚಳಿಗಾಲ ಬಂದರೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಆ ಕಾಡಿನ ಹೆಸರನ್ನೇ ಜಗತ್ತು ಕಾಯಿಲೆಗೆ ಇಟ್ಟಿದೆ. 2019ರ ಆರಂಭದಲ್ಲಿ ನಮ್ಮ ಊರಿನಲ್ಲಿ ಅದು ಜನರನ್ನು ಹೇಗೆ ಬಲಿ ತೆಗೆದುಕೊಂಡಿತೆಂದು ಎಲ್ಲರೂ ಓದಿದ್ದೀರಿ. ದರಕು, ಅಂದರೆ ಒಣ ಎಲೆ ತರಲು ಕಾಡಿಗೆ ಹೋದವರಿಗೆ ಈ ಕಾಯಿಲೆ ಹರಡುವ ಉಣುಗು ಕಚ್ಚುತ್ತಿತ್ತು. ಆ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ಜಿಲ್ಲೆಯಲ್ಲಿ ಮೀಸಲು ಇಡುವ ಯೋಚನೆ ಮಾಡುವವರು ಮಳೆಗಾಲವನ್ನಷ್ಟೇ ಲೆಕ್ಕ ಹಾಕಬಾರದು.

ಹಿನ್ನೀರಿನ ತುಮರಿ
ಅರಳಗೋಡಿನವರ ಮಾತಿಗೆ ನನ್ನದೂ ಸೇರಿಸಿ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆಗುವವರೆಗೆ ಸಂಜೆ ಲಾಂಚ್ ನಿಂತ ಮೇಲೆ ಜ್ವರ ಹೆಚ್ಚಾದರೆ ಬೆಳಗಿನವರೆಗೆ ದೇವರೇ ಗತಿ. ಈಗ ಸೇತುವೆಯ ಮೇಲೆ ಕಾರು ಹೋಗುತ್ತದೆ. ಶಿವಮೊಗ್ಗ ತಲುಪಿದ ಮೇಲೆ ಚೀಲ ಇಲ್ಲ ಎಂದರೆ ಸೇತುವೆ ದಾಟಿ ಏನು ಬಂತು?

ಓ ಪಾಸಿಟಿವ್
ನಾನು ಒಂಬತ್ತು ಸಲ ಪ್ಲೇಟ್‌ಲೆಟ್ ಕೊಟ್ಟಿದ್ದೇನೆ. ಅದರ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತೇನೆ.

ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಪ್ಲೇಟ್‌ಲೆಟ್ ಮಾತ್ರ ಚೀಲಕ್ಕೆ ಇಳಿದು ಉಳಿದದ್ದೆಲ್ಲ ನಮ್ಮ ದೇಹಕ್ಕೆ ವಾಪಸ್ ಬರುತ್ತದೆ. ಒಂದರಿಂದ ಒಂದೂವರೆ ಗಂಟೆ ಮಲಗಿರಬೇಕು. ನಡುವೆ ತುಟಿ ಜುಮ್ಮೆನ್ನುತ್ತದೆ, ಹೇಳಿದರೆ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಚೀಲದಲ್ಲಿ ತುಂಬುವುದು ಕೆಂಪಾಗಿರುವುದಿಲ್ಲ, ಮಾವಿನ ರಸಾಯನ ತೆಳ್ಳಗೆ ಮಾಡಿದ ಬಣ್ಣ. ಬೆಳಕಿಗೆ ಹಿಡಿದು ಅಲುಗಿಸಿದರೆ ಒಳಗೆ ಮಿನುಗುವ ಸುಳಿ ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನ್ನ ಕಣ್ಣು ತುಂಬಿ ಬಂದಿತ್ತು.

ಹೀಗೆ ಒಬ್ಬರಿಂದ ತೆಗೆದ ಒಂದು ಚೀಲ, ಮಾಮೂಲಿ ರಕ್ತದಾನದಿಂದ ಬೇರ್ಪಡಿಸಿದ ಆರು ಚೀಲಗಳಿಗೆ ಸಮ. ರಕ್ತ ಕೊಟ್ಟರೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಪ್ಲೇಟ್‌ಲೆಟ್ ಆದರೆ 48 ಗಂಟೆ ಬಿಟ್ಟು ಮತ್ತೆ ಕೊಡಬಹುದು, ವರ್ಷಕ್ಕೆ 24 ಸಲದವರೆಗೆ.

ರಕ್ತ ಕೇಂದ್ರದ ಅಕ್ಕ
ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಿಲ್ಲ ಎಂದೂ ಸೇರಿಸಿ. ದಾನಿಯ ಎಣಿಕೆ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಮೂರು ದಿನದೊಳಗೆ ಆಸ್ಪಿರಿನ್ ನುಂಗಿರಬಾರದು, ಅದು ಪ್ಲೇಟ್‌ಲೆಟ್‌ನ ಅಂಟುಗುಣವನ್ನೇ ಕೆಡಿಸುತ್ತದೆ. ಡೆಂಗಿ ಬಂದು ಗುಣವಾದವರು ಆರು ತಿಂಗಳು ಕಾಯಬೇಕು. ರಾತ್ರಿ ಎಂಟಕ್ಕೆ ಓಡಿಬಂದ ಐದು ಜನರಲ್ಲಿ ನಾಲ್ವರು ಇಂಥ ಕಾರಣಕ್ಕೇ ವಾಪಸ್ ಹೋಗುತ್ತಾರೆ.

ತುಂಗೆಯ ದಡ, ತೀರ್ಥಹಳ್ಳಿ
ಎಲ್ಲರ ಮಾತನ್ನೂ ಅಮ್ಮನಿಗೆ, ಚಿಕ್ಕಪ್ಪನಿಗೆ ಓದಿ ಹೇಳಿದೆ. ಮೈನಸ್ 80ರ ಫ್ರೀಜರ್ ಜಿಲ್ಲೆಗೆ ಬೇಕು ಎಂಬ ನನ್ನ ಬೇಡಿಕೆಯನ್ನು ನಾನು ಬಿಡುವುದಿಲ್ಲ, ಅರ್ಜಿ ಬರೆಯುತ್ತಿದ್ದೇನೆ. ಅರಳಗೋಡಿನವರೂ ತುಮರಿಯವರೂ ಸಹಿ ಹಾಕಬೇಕು. ಅದು ಬರುವವರೆಗೆ ಮಳೆ ಕಾಯುವುದಿಲ್ಲವಲ್ಲ. ಅದಕ್ಕಾಗಿ ನಿನ್ನೆ ನಮ್ಮೂರ ಸೊಸೈಟಿಯಲ್ಲಿ ಹನ್ನೊಂದು ಜನರ ಹೆಸರು, ರಕ್ತದ ಗುಂಪು ಬರೆದುಕೊಂಡೆವು. ಜೂನ್‌ಗೆ ಮೊದಲು ಎಲ್ಲರೂ ಎಣಿಕೆ ಪರೀಕ್ಷೆ ಮಾಡಿಸಿಕೊಂಡು, ಕೈಯ ನರ ಯಂತ್ರಕ್ಕೆ ಹೊಂದುತ್ತದೆಯೇ ಎಂದು ತೋರಿಸಿಕೊಂಡು ಬರುತ್ತೇವೆ.

ಕೊಡಚಾದ್ರಿ ಕಣಿವೆ
ನನಗೆ 58 ವರ್ಷ. ತೆಗೆದುಕೊಳ್ಳುತ್ತಾರೆಯೇ?

ರಕ್ತ ಕೇಂದ್ರದ ಅಕ್ಕ
60ರೊಳಗಿದ್ದೀರಿ, ಅಡ್ಡಿಯಿಲ್ಲ. ತೂಕ 50 ಕಿಲೋಗಿಂತ ಕಡಿಮೆ ಇರಬಾರದು. ಬಿಪಿ, ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಕೊಡಚಾದ್ರಿ ಕಣಿವೆ
ತೂಕ 62, ಮಾತ್ರೆ ಯಾವುದೂ ಇಲ್ಲ. ಹಾಗಾದರೆ ಹನ್ನೆರಡನೆಯವನಾಗಿ ನನ್ನನ್ನು ಬರೆದುಕೊಳ್ಳಿ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ವಾರ ಬಿಟ್ಟು ಯಾವ ರಾತ್ರಿ ಕರೆದರೂ ಬರುತ್ತೇನೆ. ಆ ವಾರವೂ ಬೇಕೇ ಬೇಕು ಎಂದಾದರೆ ಕರೆಯಿರಿ, ಗೊನೆಗೆ ಒಂದು ದಿನ ತಡವಾದರೆ ಆಗಲಿ.